ಒಂದೇ ಅವತಾರ, ಇಬ್ಬರ ಕೈ: ವಿಆರ್‌ನಲ್ಲಿ ದೇಹ ಹಂಚಿಕೊಂಡು ಚೆಂಡೆ ಕಲಿಸಬಹುದೇ?

ಕೋಟದ_ಮಾಣಿ

ಎಲ್ಲರಿಗೂ ನಮಸ್ಕಾರ. ಮಂಗಳೂರಿನಲ್ಲಿ ಗೇಮ್ ಡೆವಲಪರ್ ಆಗಿದ್ದೇನೆ. ನಮ್ಮೂರ ಕಡೆಯ ಯಕ್ಷಗಾನದ ಚೆಂಡೆ ಗುರುಗಳೊಬ್ಬರ ಶಿಷ್ಯರಲ್ಲಿ ಈಗ ಅನೇಕರು ಬೆಂಗಳೂರು, ದುಬೈ ಅಂತ ಹೊರಗಿದ್ದಾರೆ. ಪಾಠ ವಾಟ್ಸ್ಯಾಪ್ ವೀಡಿಯೊದಲ್ಲಿ. ಗುರುಗಳು ಪ್ರತಿ ಸಲ ಹೇಳುವುದು ಒಂದೇ ಮಾತು: "ಪೆಟ್ಟು ಕಾಣ್ತದೆ, ಮಣಿಗಂಟು ಕಾಣುದಿಲ್ಲ ಮಾರಾಯ."

ಆ ಮಾತು ಕೇಳಿ ಕೇಳಿ ಹುಟ್ಟಿದ ಯೋಚನೆ ಇದು. ಗುರು ಒಂದು ವಿಆರ್ (ಕಣ್ಣೆದುರು ಕೃತಕ ಲೋಕ ತೋರಿಸುವ) ಹೆಡ್‌ಸೆಟ್ ಹಾಕಿಕೊಳ್ಳುತ್ತಾರೆ, ಶಿಷ್ಯ ಇನ್ನೊಂದು. ಇಬ್ಬರೂ ಕೆಳಗೆ ನೋಡಿದರೆ ಕಾಣುವುದು ಒಂದೇ ಜೊತೆ ಕೈ, ಒಂದೇ ಚೆಂಡೆ. ಆ ಕೈ ಗುರುವಿನದೂ ಅಲ್ಲ, ಶಿಷ್ಯನದೂ ಅಲ್ಲ, ಇಬ್ಬರ ಚಲನೆಯ ಸರಾಸರಿ. ಗುರುವಿನ ಪಾಲು ಶೇ 70 ಇಡಬಹುದು, ಸಮಪಾಲೂ ಇಡಬಹುದು. ಹೊಸದೇನಲ್ಲ, ಫ್ರಾನ್ಸಿನ ರೆನ್ ನಗರದ ಇನ್ರಿಯಾ ಎಂಬ ಕಂಪ್ಯೂಟರ್ ಸಂಶೋಧನಾ ಸಂಸ್ಥೆಯವರು ಟೋಕಿಯೊ ವಿಶ್ವವಿದ್ಯಾಲಯದವರ ಜೊತೆ ಸೇರಿ ಇಬ್ಬರನ್ನು ಒಂದೇ ಅವತಾರದೊಳಗೆ (ವಿಆರ್‌ನಲ್ಲಿ ನಮ್ಮದೆಂದು ಕಾಣುವ ಕೃತಕ ದೇಹ) ಕೂರಿಸಿ ನೋಡಿ, 2020ರಲ್ಲಿ ಪ್ರಕಟಿಸಿದ್ದಾರೆ.

ಗೇಮ್ ಕಟ್ಟುವ ಯೂನಿಟಿ ತಂತ್ರಾಂಶದಲ್ಲಿ ಒಂದು ಕಚ್ಚಾ ರೂಪ ತಯಾರಿದೆ. ಮುಂದಕ್ಕೆ ಹೋಗುವ ಮೊದಲು ಬಲ್ಲವರನ್ನು ಕೇಳೋಣ ಅಂತ ಬಂದೆ. ಪಾಲು ಎಷ್ಟಿರಬೇಕು? ಹೀಗೆ ಕಲಿತದ್ದು ಹೆಡ್‌ಸೆಟ್ ತೆಗೆದ ಮೇಲೂ ಕೈಯಲ್ಲಿ ಉಳಿಯುತ್ತದೆಯೇ? ಗುರುವಿನ ಪೆಟ್ಟನ್ನು ಶಿಷ್ಯ "ನಾನೇ ಬಾರಿಸಿದೆ" ಅಂದುಕೊಂಡರೆ ಅದು ಒಳ್ಳೆಯದೋ ಅಲ್ಲವೋ? ನನ್ನನ್ನು ಹೆಚ್ಚು ಕಾಡುತ್ತಿರುವುದು ಈ ಕೊನೆಯ ಪ್ರಶ್ನೆ.

ಜಪಾನ್_ಕನ್ನಡಿಗ

ನನ್ನ ಓದು ಇದೇ ಕ್ಷೇತ್ರದಲ್ಲಿ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ದೇಹ ನನ್ನದು ಅನ್ನಿಸುವುದು ಬೇರೆ, ಚಲನೆ ನನ್ನದು ಅನ್ನಿಸುವುದು ಬೇರೆ. ಮೊದಲನೆಯದು ಎಷ್ಟು ಸುಲಭವಾಗಿ ಮೋಸಹೋಗುತ್ತದೆ ಅನ್ನುವುದನ್ನು 1998ರಲ್ಲಿ ಬಾಟ್ವಿನಿಕ್ ಮತ್ತು ಕೋಹೆನ್ ತೋರಿಸಿದರು. ನಿಮ್ಮ ನಿಜವಾದ ಕೈಯನ್ನು ಪರದೆಯ ಹಿಂದಿಟ್ಟು, ಎದುರಿಗೆ ರಬ್ಬರ್ ಕೈ ಇಟ್ಟು, ಎರಡಕ್ಕೂ ಒಂದೇ ಸಮಯಕ್ಕೆ ಬ್ರಷ್ ಸವರಿದರೆ ಸ್ವಲ್ಪ ಹೊತ್ತಿನಲ್ಲಿ ರಬ್ಬರ್ ಕೈಯೇ ನಿಮ್ಮದು ಅನ್ನಿಸತೊಡಗುತ್ತದೆ. ಸವರುವ ಸಮಯ ಹಿಂದೆಮುಂದೆ ಆದರೆ ಭ್ರಮೆ ದುರ್ಬಲವಾಗುತ್ತದೆ. ಹತ್ತು ವರ್ಷದ ನಂತರ ಸ್ಟಾಕ್‌ಹೋಮ್‌ನ ಕರೋಲಿನ್‌ಸ್ಕಾ ಸಂಸ್ಥೆಯಲ್ಲಿ ಪೆಟ್ಕೋವಾ ಮತ್ತು ಎರ್ಸನ್ ಅದನ್ನು ಇಡೀ ದೇಹಕ್ಕೆ ವಿಸ್ತರಿಸಿದರು. ಬಟ್ಟೆಯಂಗಡಿಯ ಗೊಂಬೆಯಂಥ ಒಂದು ಬೊಂಬೆಯ ತಲೆಗೆ ಕ್ಯಾಮೆರಾ ಕಟ್ಟಿ, ಅದರ ಕಣ್ಣಿನಿಂದ ನೋಡುವಂತೆ ಮಾಡಿ, ಬೊಂಬೆಯ ಹೊಟ್ಟೆಗೂ ನೋಡುವವರ ಹೊಟ್ಟೆಗೂ ಒಂದೇ ಸಮಯಕ್ಕೆ ಸವರಿದಾಗ ಜನರಿಗೆ ಆ ದೇಹವೇ ತಮ್ಮದು ಅನ್ನಿಸಿತು. ಬೊಂಬೆಯ ಹೊಟ್ಟೆಯ ಹತ್ತಿರ ಚಾಕು ತಂದರೆ ನೋಡುವವರ ಚರ್ಮ ಬೆವರಿನ ಮೂಲಕ ಪ್ರತಿಕ್ರಿಯಿಸಿತು.

ನಿಮ್ಮ ಕೆಲಸಕ್ಕೆ ಬೇಕಾದದ್ದು ಎರಡನೆಯದು, ಚಲನೆಯ ಒಡೆತನ. ನೀವು ಹೇಳಿದ ರೆನ್–ಟೋಕಿಯೊ ಪ್ರಯೋಗದಲ್ಲಿ ಗಮನಿಸಬೇಕಾದ ಮಾತು ಇದು: ತಮ್ಮ ಪಾಲು ಎಷ್ಟಿದೆ ಎಂದು ಜನ ಸಾಕಷ್ಟು ಸರಿಯಾಗಿಯೇ ಅಂದಾಜು ಮಾಡುತ್ತಾರೆ. ಆದರೆ ಅವತಾರ ಮುಂದೆ ಎತ್ತ ಹೋಗುತ್ತದೆ ಎಂದು ಮೊದಲೇ ಊಹಿಸಬಲ್ಲವರಾದಾಗ, "ನಾನೇ ನಡೆಸುತ್ತಿದ್ದೇನೆ" ಅನ್ನುವ ಭಾವ ನಿಜವಾದ ಪಾಲಿಗಿಂತ ಮೇಲಕ್ಕೆ ಹೋಗುತ್ತದೆ. ಚೆಂಡೆಯಲ್ಲಿ ತಾಳ ಗೊತ್ತಿರುವ ಶಿಷ್ಯನಿಗೆ ಮುಂದಿನ ಪೆಟ್ಟು ಎಲ್ಲಿ ಬೀಳುತ್ತದೆ ಅನ್ನುವುದು ಮೊದಲೇ ಗೊತ್ತು. ಅಂದರೆ ನಿಮ್ಮ ಆ್ಯಪ್‌ನಲ್ಲಿ ಈ ಭಾವ ಬಲವಾಗಿಯೇ ಬರುತ್ತದೆ ಎಂದು ಲೆಕ್ಕ ಹಾಕಿಕೊಳ್ಳಿ.

ಒಳ್ಳೆಯದೋ ಅಂದಿರಲ್ಲ. ಕಲಿಕೆಯ ಮಟ್ಟಿಗೆ ಒಳ್ಳೆಯದು ಅನ್ನುತ್ತದೆ 2023ರ ಇನ್ನೊಂದು ಕೆಲಸ. ಟೋಕಿಯೊ ವಿಶ್ವವಿದ್ಯಾಲಯದ ಗುಂಪು ಶಿಕ್ಷಕ ಮತ್ತು ಕಲಿಯುವವರನ್ನು ಒಂದೇ ಅವತಾರದಲ್ಲಿ ಕೂರಿಸಿ, ಎರಡು ಕೆಲಸವನ್ನು ಒಟ್ಟಿಗೆ ಮಾಡುವ ಕೈಚಳಕ ಕಲಿಸಿತು. ಒಬ್ಬರೇ ಅಭ್ಯಾಸ ಮಾಡಿದವರಿಗಿಂತ, ಶಿಕ್ಷಕರ ಕಣ್ಣಿನಿಂದ ನೋಡುತ್ತ ಅನುಕರಿಸಿದವರಿಗಿಂತ, ದೇಹ ಹಂಚಿಕೊಂಡವರ ಕಲಿಕೆ ಚೆನ್ನಾಗಿತ್ತು. ಅನುಕರಿಸುವಾಗ ಮನಸ್ಸೆಲ್ಲ "ಅವರ ಹಿಂದೆ ಓಡಬೇಕು" ಅನ್ನುವುದರಲ್ಲೇ ಇರುತ್ತದೆ, ಚಲನೆ ತನ್ನದಾಗುವುದಿಲ್ಲ ಎಂಬುದು ಅವರ ವಾದ.

ಸೊನ್ನೆಒಂದು

ಗ್ರಾಫಿಕ್ಸ್ ಎಂಜಿನಿಯರ್, ಬೆಂಗಳೂರು. ಆ ಪ್ರಯೋಗಗಳಿಗೂ ಚೆಂಡೆಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಕೈ ಚಾಚಿ ಒಂದು ಗುರಿ ಮುಟ್ಟುವುದರಲ್ಲಿ ಸರಾಸರಿ ಚೆನ್ನಾಗಿ ಕೆಲಸ ಮಾಡುತ್ತದೆ. ಇಬ್ಬರ ನಡುಕವೂ ಬೇರೆಬೇರೆಯಾದ್ದರಿಂದ ಒಂದನ್ನೊಂದು ಅಳಿಸುತ್ತದೆ. ಜಪಾನಿನಲ್ಲೇ 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹಂಚಿಕೊಂಡ ಅವತಾರದ ಕೈ, ಇಬ್ಬರ ಸ್ವಂತ ಕೈಗಳಿಗಿಂತ ನೇರವಾಗಿ, ನಯವಾಗಿ ಚಲಿಸಿದ್ದು ಕಂಡಿದೆ.

ಬಾರಿಸುವುದು ಹಾಗಲ್ಲ. ಕೋಲು ಮೇಲೆ ಕೆಳಗೆ ಆಡುವ ಅಲೆ ಅಂತ ಇಟ್ಟುಕೊಳ್ಳಿ. ಇಬ್ಬರ ಅಲೆ ಒಂದೇ ಹೊತ್ತಿಗೆ ಏರಿಳಿದರೆ ಸರಾಸರಿಯೂ ಅಷ್ಟೇ ಎತ್ತರ ಏಳುತ್ತದೆ. ಒಬ್ಬರ ಕೋಲು ಮೇಲಿರುವಾಗ ಇನ್ನೊಬ್ಬರದು ಕೆಳಗಿದ್ದರೆ, 50–50 ಪಾಲಿನಲ್ಲಿ ಕಾಣುವ ಕೋಲು ನಡುವಿನಲ್ಲಿ ಅಲ್ಲಾಡದೆ ನಿಂತುಬಿಡುತ್ತದೆ!

ಲೆಕ್ಕ ನೋಡಿ. ವಿಲಂಬದಲ್ಲಿ, ಅಂದರೆ ನಿಧಾನ ಲಯದಲ್ಲಿ, ಒಂದು ಕೈ ಸೆಕೆಂಡಿಗೆ 2 ಸಲ ಬಡಿಯುತ್ತದೆ ಅನ್ನೋಣ, ಒಂದು ಆವರ್ತಕ್ಕೆ 500 ಮಿಲಿಸೆಕೆಂಡ್. ನೆಟ್ ತಡವಾಗಿ ಇಬ್ಬರ ನಡುವೆ 125 ಮಿಲಿಸೆಕೆಂಡ್ ವ್ಯತ್ಯಾಸ ಬಂದರೆ ಕೋಲಿನ ಏರಿಳಿತ ಸುಮಾರು ಶೇ 70ಕ್ಕೆ ಇಳಿಯುತ್ತದೆ. ಅದೇ ಉರುಳಿಕೆಯ (ಬೇಗ ಬೇಗ ಬೀಳುವ ಪೆಟ್ಟುಗಳ) ವೇಗದಲ್ಲಿ ಒಂದು ಕೈ ಸೆಕೆಂಡಿಗೆ 4 ಸಲ ಬಡಿದರೆ, ಅದೇ 125 ಮಿಲಿಸೆಕೆಂಡ್‌ಗೆ ಏರಿಳಿತ ಪೂರ್ತಿ ಸೊನ್ನೆ. ಗುರು ಬಾರಿಸುತ್ತಿದ್ದಾರೆ, ಶಿಷ್ಯ ಬಾರಿಸುತ್ತಿದ್ದಾನೆ, ಕಾಣುವ ಕೈ ಸುಮ್ಮನಿದೆ.

ಇನ್ನೆರಡು ವಿಷಯ. ತಲೆಯ ಚಲನೆಯನ್ನು ಯಾವ ಕಾರಣಕ್ಕೂ ಸರಾಸರಿ ಮಾಡಬೇಡಿ. ನಾನು ತಿರುಗದೆ ನನ್ನ ನೋಟ ತಿರುಗಿದರೆ ಹೊಟ್ಟೆ ತೊಳಸುವುದು ಗ್ಯಾರಂಟಿ. ಕಣ್ಣು ಅವರವರದೇ ಇರಲಿ, ಹಂಚುವುದು ಕೈ ಮಾತ್ರ. ಮತ್ತೆ ಮಣಿಗಂಟಿನ ತಿರುವನ್ನು ಎಕ್ಸ್, ವೈ, ಝಡ್ ಕೋನಗಳಾಗಿ ಕೂಡಿ ಭಾಗಿಸಬೇಡಿ, ಕೈ ತಿರುಚಿಕೊಂಡು ವಿಕಾರವಾಗುತ್ತದೆ. ತಿರುವನ್ನು ನಾಲ್ಕು ಅಂಕಿಗಳಲ್ಲಿ ಬರೆಯುವ ಕ್ವಾಟರ್ನಿಯನ್ ತೆಗೆದುಕೊಂಡು ಸ್ಲರ್ಪ್ ಮಾಡಿ, ಅಂದರೆ ಎರಡು ತಿರುವುಗಳ ನಡುವೆ ನಯವಾಗಿ ಸಾಗುವ ಲೆಕ್ಕ.

ಎಡಿಸನ್_ಅಕ್ಕ

ಹಾಗಾದರೆ ನಾವು ನ್ಯೂಜೆರ್ಸಿಯವರು ಆಸೆ ಬಿಡಬೇಕಾ? ನನ್ನ ಮಗಳಿಗೆ ಊರಿನ ಗುರುಗಳ ಹತ್ತಿರ ಕಲಿಸಬೇಕು ಅಂತ ಬಹಳ ಇದೆ. ಇಲ್ಲಿ ಯಕ್ಷಗಾನ ಮಾಡುವವರಿದ್ದಾರೆ, ಚೆಂಡೆ ಕೂತು ಹೇಳಿಕೊಡುವವರು ಹತ್ತಿರದಲ್ಲಿ ಇಲ್ಲ.

ಸೊನ್ನೆಒಂದು

ಅಕ್ಕ, ನಿಜ ಹೇಳಬೇಕೆಂದರೆ ವೇಗದ ಪಾಠಕ್ಕೆ ನೇರ ಹಂಚಿಕೆ ಆಗುವುದಿಲ್ಲ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಕರ್ನಾಟಕದಿಂದ ನಿಮ್ಮಲ್ಲಿಗೆ 13 ಸಾವಿರ ಕಿಲೋಮೀಟರಿಗೂ ಮೇಲು. ತಂತಿ ನೆಟ್ಟಗೆ ಎಳೆದಿದ್ದರೂ ಒಂದು ದಾರಿಗೇ 65 ಮಿಲಿಸೆಕೆಂಡ್ ಬೇಕು. ತಂತಿ ನೆಟ್ಟಗಿಲ್ಲ, ನಡುವೆ ರೂಟರ್‌ಗಳಿವೆ, ಹೆಡ್‌ಸೆಟ್ ತನ್ನ ಪಾಲು ಸೇರಿಸುತ್ತದೆ. ಯಾವ ಕಂಪನಿ ಬಂದರೂ ಆ ಗಾಜಿನೊಳಗೆ ಬೆಳಕನ್ನು ಇದಕ್ಕಿಂತ ಬೇಗ ಓಡಿಸಲಾರದು. ದುಬೈಗೆ ಈ ತೊಂದರೆ ಇಲ್ಲ, 2 ಸಾವಿರ ಚಿಲ್ಲರೆ ಕಿಲೋಮೀಟರ್.

ನಿಮ್ಮ ಮಗಳಿಗೆ ಗುರುಗಳ ಕೈಯನ್ನು ಮೊದಲೇ ರೆಕಾರ್ಡ್ ಮಾಡಿ, ಅವಳ ಲಯಕ್ಕೆ ಹೊಂದಿಸಿ ಬೆರೆಸಬಹುದು.

ವೀಣೆಯ_ಮನೆ

ಮೈಸೂರಿನಲ್ಲಿ ವೀಣೆ ಪಾಠ ಹೇಳುತ್ತೇನೆ. ರೆಕಾರ್ಡ್ ಮಾಡಿದ ಕೈಯೊಂದಿಗೆ ಬೆರೆಯುವುದು ಅಂದಲ್ಲ, ಅಲ್ಲೇ ನನ್ನ ಆಕ್ಷೇಪ. ಆಗ ಅದು ಇನ್ನೊಬ್ಬರ ಜೊತೆ ದೇಹ ಹಂಚಿಕೊಳ್ಳುವುದು ಹೇಗಾಗುತ್ತದೆ?

ಅಕ್ಷರಾಭ್ಯಾಸದಲ್ಲಿ ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ಬರೆಸುತ್ತೇವೆ. ಹಿಡಿದವರಿಗೆ ಆ ಬೆರಳಿನಿಂದ ಎಷ್ಟೊಂದು ಸುದ್ದಿ ಬರುತ್ತದೆ. ಮಗು ಎಲ್ಲಿ ಬಿಗಿಯಾಯಿತು, ಎಲ್ಲಿ ಎಳೆಯಿತು, ಎಲ್ಲಿ ತಾನೇ ತಿರುಗಲು ಹೊರಟಿತು, ಎಲ್ಲವೂ ತಿಳಿಯುತ್ತದೆ. ಪಾಠ ಹೇಳುವವರಿಗೆ ಬೇಕಾದದ್ದು ಅದು. ನನ್ನ ಶಿಷ್ಯೆಯ ಗಮಕ ಯಾಕೆ ತೆಳ್ಳಗೆ ಬರುತ್ತಿದೆ ಅನ್ನುವುದು ಕೇಳಿದರೆ ನನಗೆ ಅರ್ಧ ಗೊತ್ತಾಗುತ್ತದೆ. ಅವಳ ಕೈ ನನ್ನ ಕೈಯನ್ನು ಎಳೆದರೆ ಪೂರ್ತಿ ಗೊತ್ತಾದೀತು. ಆದ್ದರಿಂದ ಈ ಹಂಚಿಕೆಯಿಂದ ಹೆಚ್ಚು ಉಪಯೋಗ ಆಗುವುದು ಗುರುವಿಗೇ ಅಂತ ನನಗನ್ನಿಸುತ್ತದೆ. ನೀವೆಲ್ಲ ಶಿಷ್ಯನಿಗೆ ಏನು ಸಿಗುತ್ತದೆ ಅಂತಲೇ ಮಾತಾಡುತ್ತಿದ್ದೀರಿ.

ಇನ್ನೊಂದು ಅನುಮಾನ. ವಿಆರ್‌ನಲ್ಲಿ ನನ್ನ ನಿಜವಾದ ಕೈಯನ್ನು ಯಾರೂ ತಳ್ಳುವುದಿಲ್ಲ ಅಲ್ಲವೇ? ಕಾಣುವ ಚಿತ್ರ ಮಾತ್ರ ಬದಲಾಗುತ್ತದೆ. ಚೆಂಡೆಯ ಚರ್ಮಕ್ಕೆ ಕೋಲು ಬಡಿದ ಮೇಲೆ ಅದು ಪುಟಿದು ಏಳುತ್ತದೆ, ಆ ಪುಟಿತವನ್ನು ಹಿಡಿಯುವುದೇ ಮಣಿಗಂಟಿನ ವಿದ್ಯೆ. ಗಾಳಿಯಲ್ಲಿ ಬಾರಿಸಿದರೆ ಪುಟಿತ ಎಲ್ಲಿಂದ ಬರಬೇಕು?

ಕೋಟದ_ಮಾಣಿ

ಅಕ್ಕ, ಗುರುಗಳೂ ಇದನ್ನೇ ಕೇಳಿದರು. ಎದುರಿಗೆ ರಬ್ಬರ್ ಪ್ಯಾಡ್ ಇಟ್ಟು ನಿಜವಾದ ಕೋಲಿನಲ್ಲೇ ಬಾರಿಸುವ ಹಾಗೆ ಮಾಡಿದ್ದೇನೆ. ಆದರೆ ಅಲ್ಲಿ ಬೇರೆ ತೊಡಕು. ನನ್ನ ಕೋಲು ಪ್ಯಾಡಿಗೆ ತಗಲಿದ್ದು ಕೈಗೆ ಗೊತ್ತಾಗುತ್ತದೆ, ಕಣ್ಣಿಗೆ ಕಾಣುವ ಕೋಲು ಇನ್ನೂ ಎರಡು ಬೆರಳು ಮೇಲಿರುತ್ತದೆ. ಅಷ್ಟರಲ್ಲಿ ಆ ಕೈ ನನ್ನದು ಅನ್ನುವ ಭಾವ ಹಾರಿಹೋಗುತ್ತದೆ.

ಜಪಾನ್_ಕನ್ನಡಿಗ

ಅದು ನಿರೀಕ್ಷಿತವೇ. ಕಣ್ಣು ಹೇಳುವುದೂ ಚರ್ಮ ಹೇಳುವುದೂ ಸ್ವಲ್ಪ ಬೇರೆಯಾದರೆ ಮಿದುಳು ಕಣ್ಣನ್ನು ನಂಬಿ ಹೊಂದಿಸಿಕೊಳ್ಳುತ್ತದೆ, ಬಹಳ ಬೇರೆಯಾದರೆ ಬಿಟ್ಟುಬಿಡುತ್ತದೆ. ತಗಲುವ ಕ್ಷಣ ಬಹಳ ತೀಕ್ಷ್ಣವಾದದ್ದು, ಅಲ್ಲಿ ಸುಳ್ಳು ನಡೆಯುವುದಿಲ್ಲ. ನನ್ನ ಸಲಹೆ: ಪೆಟ್ಟು ಬೀಳುವ ಹೊತ್ತಿನಲ್ಲಿ ಕೋಲಿನ ತುದಿ ಶಿಷ್ಯನದೇ ಇರಲಿ. ಕೋಲು ಎತ್ತುವಾಗಿನ ಮಣಿಗಂಟಿನ ತಿರುವು, ಮೊಣಕೈಯ ಕೋನ, ಇವುಗಳಲ್ಲಿ ಗುರುವಿನ ಪಾಲು ಬೆರೆಸಿ. ನಿಮ್ಮ ಗುರುಗಳಿಗೆ ಕಾಣದೆ ಹೋದದ್ದೂ ಅದೇ ತಾನೇ?

ಡೋಲಿನ ವಿಷಯ ಬಂದದ್ದಕ್ಕೆ ಹೇಳುತ್ತೇನೆ. 2013ರಲ್ಲಿ ಬಾರ್ಸಿಲೋನಾದ ಸ್ಲೇಟರ್ ತಂಡ ಬಿಳಿಯರನ್ನು ವಿಆರ್‌ನಲ್ಲಿ ಪಶ್ಚಿಮ ಆಫ್ರಿಕಾದ ಕೈ ಡೋಲು ಬಾರಿಸಲು ಕೂರಿಸಿತು. ಕೆಲವರಿಗೆ ಸೂಟು ಹಾಕಿದ ಬಿಳಿಯ ದೇಹ, ಕೆಲವರಿಗೆ ಸಾದಾ ಉಡುಪಿನ ಕಪ್ಪು ದೇಹ. ಎರಡನೆಯವರು ಮೈ ಕೈ ಹೆಚ್ಚು ಆಡಿಸಿ ಬಾರಿಸಿದರು. ಇಲ್ಲಿ ಜೊತೆಗೆ ಇನ್ನೊಬ್ಬರು ಇರಲೇ ಇಲ್ಲ, ದೇಹದ ರೂಪವೊಂದೇ ಬಾರಿಸುವ ರೀತಿಯನ್ನು ಬದಲಿಸಿತು. ನಿಮ್ಮ ಅವತಾರಕ್ಕೆ ಯಾರ ರೂಪ ಕೊಟ್ಟಿದ್ದೀರಿ?

ಕೋಟದ_ಮಾಣಿ

ಸದ್ಯಕ್ಕೆ ಯೂನಿಟಿಯ ಬೂದು ಬೊಂಬೆ. ಪಂಚೆ, ಮುಂಡಾಸು ಹಾಕಿ ಹಿಮ್ಮೇಳದವರ ಹಾಗೆ ಮಾಡುವ ಆಲೋಚನೆ ಇತ್ತು, ಈಗ ಖಂಡಿತ ಮಾಡುತ್ತೇನೆ.

ಮಲೆನಾಡಿನ_ಮಳೆ

ನಮ್ಮಲ್ಲಿ ಇದು ಮೊದಲೇ ಇತ್ತಲ್ಲ, ಪರಕಾಯ ಪ್ರವೇಶ. ಶಂಕರಾಚಾರ್ಯರು ಅಮರುಕ ರಾಜನ ದೇಹ ಹೊಕ್ಕ ಕಥೆ.

ಗೊಂಬೆಯ_ನೆರಳು

@ಮಲೆನಾಡಿನ_ಮಳೆ ಆ ಕಥೆಯಲ್ಲಿ ರಾಜ ಸತ್ತಿದ್ದಾನೆ, ದೇಹ ಖಾಲಿ ಇತ್ತು. ಇಲ್ಲಿ ಕಷ್ಟ ಇರುವುದೇ ಮನೆಯ ಯಜಮಾನ ಒಳಗೇ ಇರುವುದರಿಂದ.

ಹತ್ತಿರದ ಉದಾಹರಣೆ ಬೇಕಾದರೆ ಜಪಾನಿನ ಬುನ್‌ರಾಕು ಗೊಂಬೆಯಾಟ ನೋಡಿ. ಒಂದು ಗೊಂಬೆಗೆ ಮೂವರು. ಮುಖ್ಯ ಕಲಾವಿದನಿಗೆ ತಲೆ ಮತ್ತು ಬಲಗೈ, ಎರಡನೆಯವನಿಗೆ ಎಡಗೈ, ಮೂರನೆಯವನಿಗೆ ಕಾಲು. ಕಾಲಿಗೆ ಹತ್ತು ವರ್ಷ, ಎಡಗೈಗೆ ಹತ್ತು ವರ್ಷ ದುಡಿದ ಮೇಲೆ ತಲೆ ಸಿಗುತ್ತದೆ ಅನ್ನುವ ಮಾತು ಅಲ್ಲಿ ರೂಢಿ. ಆಟದ ನಡುವೆ ಮಾತಿಲ್ಲ. ಮುಖ್ಯ ಕಲಾವಿದ ಗೊಂಬೆಯ ತಲೆ, ಭುಜವನ್ನು ಆಡಿಸುವ ರೀತಿಯಲ್ಲೇ ಮುಂದಿನ ಚಲನೆಯ ಸೂಚನೆ ಇರುತ್ತದೆ, ಉಳಿದಿಬ್ಬರು ಅದನ್ನು ಓದಿಕೊಂಡು ಜೊತೆಗೂಡುತ್ತಾರೆ. ನಮ್ಮ ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆಯಾಟ ನೋಡಿ ಬೆಳೆದವನು ನಾನು, ಅಲ್ಲಿ ಸೂತ್ರ ಹಿಡಿದವನೇ ಗೊಂಬೆಯ ಹೆಜ್ಜೆಗೂ ಒಡೆಯ. ಬುನ್‌ರಾಕುವಿನಲ್ಲಿ ಒಡೆತನವನ್ನು ಅಂಗವಾರು ಹಂಚಿಬಿಟ್ಟಿದ್ದಾರೆ.

ಅದಕ್ಕೇ ಕೇಳುತ್ತೇನೆ: ಎರಡು ಕೈಯನ್ನೂ ಬೆರೆಸುವ ಬದಲು ಬಲಗೈ ಗುರುವಿಗೆ, ಎಡಗೈ ಶಿಷ್ಯನಿಗೆ ಯಾಕೆ ಕೊಡಬಾರದು? ಆಮೇಲೆ ಅದಲು ಬದಲು. ಸರಾಸರಿಯ ಗಂಟೇ ಇರುವುದಿಲ್ಲ, ಕೋಲು ನಡುವೆ ನಿಲ್ಲುವುದೂ ಇಲ್ಲ.

ಜಪಾನ್_ಕನ್ನಡಿಗ

ಸೊಗಸಾದ ಸಲಹೆ. ಇದಕ್ಕೂ ಆಧಾರ ಇದೆ. ತೊಯೊಹಾಶಿ ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ ಅವತಾರದ ದೇಹವನ್ನು ಹೀಗೇ ಪಾಲುಮಾಡಿ, ಒಂದು ಬದಿ ಒಬ್ಬರಿಗೆ, ಇನ್ನೊಂದು ಬದಿ ಜೊತೆಗಾರರಿಗೆ ಕೊಟ್ಟು ನೋಡಿದ್ದಾರೆ. ಜೊತೆಗಾರರ ಕೈ ಎಲ್ಲಿಗೆ ಹೋಗಲು ಹೊರಟಿದೆ ಎಂದು ತಿಳಿದಿದ್ದಾಗ, ಆ ಪರರ ಕೈಯೂ ತನ್ನದೇ ಅನ್ನುವ ಭಾವ ಹೆಚ್ಚಿತು ಎಂದು 2022ರಲ್ಲಿ ಬರೆದಿದ್ದಾರೆ. ಗುರುವೂ ಶಿಷ್ಯನೂ ಬಾಯಲ್ಲಿ ಒಂದೇ ಬಾಯಿತಾಳ ಹೇಳುತ್ತ ಬಾರಿಸಿದರೆ ಉದ್ದೇಶ ತಾನಾಗಿಯೇ ಹಂಚಿಕೆಯಾಗುತ್ತದೆ.

ಹುಬ್ಬಳ್ಳಿ_ಫಿಸಿಯೊ

ನಮಸ್ಕಾರ್ರಿ. ನಾ ಸ್ಟ್ರೋಕ್ ಆದವರ ಜೋಡಿ ಕೆಲಸಾ ಮಾಡಾಂವ. ಈ ಮಾತು ಓದಿ ಸುಮ್ನ ಇರಾಕ ಆಗಲಿಲ್ಲ.

ನಮ್ಮ ಕಡೆ ರಾಮಚಂದ್ರನ್ ಅವರ ಕನ್ನಡಿ ಪೆಟ್ಟಿಗಿ ಎಲ್ಲಾರಿಗೂ ಗೊತ್ತು. ಕೈ ಕಳಕೊಂಡವರಿಗೆ ಇಲ್ಲದ ಕೈ ನೋಯತೈತಲ್ರೀ, ಅವರಿಗೆ ಇರೋ ಕೈದು ಪ್ರತಿಬಿಂಬ ತೋರ್ಸಿ ಅದs ಇನ್ನೊಂದು ಕೈ ಅಂತ ಅನ್ನಿಸೋದು. 1990ರ ದಶಕದಾಗ ಶುರುವಾತು, ಈಗ ಸ್ಟ್ರೋಕ್ ಆದವರಿಗೂ ಕನ್ನಡಿ ಹಚ್ಚತೀವಿ. ಕಣ್ಣಿಗೆ ಕಂಡದ್ದು ಕೈಗೆ ಉಪಯೋಗ ಆಗತೈತಿ ಅನ್ನೋದು ನಾ ದಿನಾ ನೋಡೋ ಸತ್ಯ.

ಆದ್ರ ಒಂದು ಎಚ್ಚರಿಕಿ. ನಾ ಪೇಶಂಟ್ ಕೈ ಹಿಡಿದು ಎತ್ತಿದ್ರ, ಒಂದೆರಡು ಸಲ ಅವರೂ ಎತ್ತತಾರ, ಆಮ್ಯಾಲ ಕೈ ಸಡಿಲ ಬಿಡತಾರ. ಅದು ಅವರ ಸೋಮಾರಿತನ ಅಲ್ರೀ, ದೇಹದ ಸ್ವಭಾವ. ಬೇರೆಯವ್ರು ಹೊರತಾರ ಅಂತ ಗೊತ್ತಾದ್ರ ಸ್ನಾಯು ತನ್ನ ಪಾಲು ಕಡಿಮಿ ಮಾಡಕೋತೈತಿ. ಪುನಶ್ಚೇತನಕ್ಕ ಬಳಸೋ ರೋಬೋಟ್‌ಗಳಾಗೂ ಇದs ತ್ರಾಸು, ಅದಕ್ಕ ಈಗಿನವು "ಬೇಕಾದಷ್ಟs ಸಹಾಯ" ಅನ್ನೋ ಲೆಕ್ಕದಾಗ ಮಾಡ್ಯಾರ. ಚಲನಾ ಕಲಿಕಿ ಓದಿದವ್ರು 1980ರ ದಶಕದಿಂದ ಹೇಳಕೋತ ಬಂದಾರ: ಅಭ್ಯಾಸ ಮಾಡೋವಾಗ ಹೆಚ್ಚು ಹಿಡಿದು ನಡಿಸಿದ್ರ ಆಗ ಚಲೋ ಕಾಣತೈತಿ, ಮರುದಿನ ಒಬ್ಬರs ಮಾಡಂದ್ರ ಬರಂಗಿಲ್ಲ.

ನಿಮ್ಮ ಆ್ಯಪ್‌ನಾಗ ಗುರುವಿನ ಪಾಲು ಎಷ್ಟು ಅನ್ನೋದಕ್ಕಿಂತ, ಅದು ಯಾವಾಗ ಇಳೀತೈತಿ ಅನ್ನೋದು ಮುಖ್ಯ.

ಜಪಾನ್_ಕನ್ನಡಿಗ

ಪೂರ್ತಿ ಒಪ್ಪುತ್ತೇನೆ, ಒಂದು ತಿದ್ದುಪಡಿಯೊಂದಿಗೆ. ವಿಆರ್‌ನಲ್ಲಿ ನಿಜವಾದ ತೋಳನ್ನು ಯಾರೂ ಹೊರುವುದಿಲ್ಲ. ರೆನ್–ಟೋಕಿಯೊ ಪ್ರಯೋಗದಲ್ಲಿ ತಮ್ಮ ಪಾಲು ಎಷ್ಟೇ ಇದ್ದರೂ ಜನ ಸುಮಾರಾಗಿ ಒಂದೇ ರೀತಿ ಮೈ ಆಡಿಸಿದರು. ಅಂದರೆ ನೀವು ಹೇಳಿದ ಸಡಿಲಿಕೆ ಇಲ್ಲಿ ಕಡಿಮೆ ಇರಬಹುದು. ಆದರೆ ಮರುದಿನದ ಪ್ರಶ್ನೆ ಹಾಗೇ ಉಳಿಯುತ್ತದೆ. ಹಂಚಿಕೆ ನಿಂತ ಕೂಡಲೇ ಕಲಿತವರ ಪ್ರದರ್ಶನ ಕುಸಿಯುತ್ತದೆ ಎಂಬುದನ್ನು ಟೋಕಿಯೊ ಗುಂಪೇ ಗಮನಿಸಿ, ಪಾಲನ್ನು ಹೊಂದಿಸುತ್ತ ಹೋಗುವ ದಾರಿಯನ್ನು ಹುಡುಕಿದೆ.

ನ್ಯಾಯದ_ಕಟ್ಟೆ

ನಾನು ವಕೀಲೆ. ಮೂಲ ಪೋಸ್ಟಿನ ಮೂರನೆಯ ಪ್ರಶ್ನೆಯನ್ನು ಎಲ್ಲರೂ ಕಲಿಕೆಯ ಕಡೆಯಿಂದಲೇ ನೋಡಿದ್ದೀರಿ. ನನಗೆ ಅದರ ಇನ್ನೊಂದು ಮುಖ ಕಾಣುತ್ತಿದೆ, ಅದನ್ನು ಹೇಳದೆ ಹೋಗಲಾರೆ.

ವಿಆರ್ ಮನೆಮನೆಗೆ ಬರುವ ಬಹಳ ಮೊದಲು, 1999ರಲ್ಲಿ ಅಮೆರಿಕದ ವೆಗ್ನರ್ ಮತ್ತು ವೀಟ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಒಂದೇ ಮೌಸಿನ ಮೇಲೆ ಇಬ್ಬರ ಕೈ. ಪರದೆಯ ಮೇಲೆ ಚಿಕ್ಕ ಚಿಕ್ಕ ವಸ್ತುಗಳ ಚಿತ್ರ. ಇಬ್ಬರಲ್ಲಿ ಒಬ್ಬರು ಪ್ರಯೋಗ ಮಾಡುವವರ ಕಡೆಯವರು, ಇನ್ನೊಬ್ಬರಿಗೆ ಅದು ತಿಳಿಯದು. ಕಡೆಯವರು ಬಾಣವನ್ನು ಹಂಸದ ಚಿತ್ರದ ಮೇಲೆ ಬೇಕೆಂದೇ ನಿಲ್ಲಿಸುತ್ತಾರೆ. ಅದಕ್ಕೆ ಸ್ವಲ್ಪ ಮೊದಲು ಇನ್ನೊಬ್ಬರ ಕಿವಿಯಲ್ಲಿ "ಹಂಸ" ಎಂಬ ಪದ ಬಿದ್ದಿದ್ದರೆ ಸಾಕು, "ಅಲ್ಲಿ ನಿಲ್ಲಿಸಬೇಕೆಂದು ನನಗೇ ಅನ್ನಿಸಿತ್ತು" ಎಂಬ ಭಾವ ಅವರಲ್ಲಿ ಬಲಗೊಳ್ಳುತ್ತಿತ್ತು.

ಬಾರ್ಸಿಲೋನಾದ 2014ರ ಇನ್ನೊಂದು ಕೆಲಸದಲ್ಲಿ ಅವತಾರವೇ ಮಾತಾಡಿತು, ಒಳಗಿದ್ದ ಮನುಷ್ಯ ಮಾತಾಡಲಿಲ್ಲ. ಆದರೂ ತಾನೇ ಮಾತಾಡಿದ ಹಾಗೆ ಆ ಮನುಷ್ಯನಿಗೆ ಅನ್ನಿಸಿತು, ಆಮೇಲೆ ನಿಜವಾಗಿ ಮಾತಾಡಿದಾಗ ಧ್ವನಿಯ ಶ್ರುತಿ ಅವತಾರದ ಧ್ವನಿಯ ಕಡೆಗೆ ವಾಲಿತು.

ಇವೆರಡನ್ನೂ ಜೊತೆಗಿಟ್ಟು ನೋಡಿ. ಇನ್ನೊಬ್ಬರು ಮಾಡಿದ್ದನ್ನು ನಾನೇ ಮಾಡಿದೆ ಅನ್ನಿಸುವಂತೆ ಮಾಡಬಹುದು, ಆಮೇಲೆ ನಾನು ಅದರಂತೆ ಬದಲಾಗುವ ಹಾಗೂ ಮಾಡಬಹುದು. ಚೆಂಡೆಯಲ್ಲಿ ಇದನ್ನು ಕಲಿಕೆ ಅನ್ನುತ್ತೇವೆ. ಅದೇ ದೇಹದಲ್ಲಿ ಒಬ್ಬ ಹದಿಹರೆಯದ ಹುಡುಗಿ ಇದ್ದು, ಜೊತೆಗೆ ಯಾರೋ ಇದ್ದು, ಆ ಕೈ ಬೇರೊಬ್ಬರ ಅವತಾರವನ್ನು ಮುಟ್ಟಿದರೆ? ತನ್ನ ದೇಹವನ್ನೇ ಮುಟ್ಟಿಕೊಂಡರೆ? "ನಾನೇ ಮಾಡಿದೆನೇನೋ" ಎಂದು ಆ ಮಗು ಜೀವನವಿಡೀ ಅಂದುಕೊಂಡರೆ ಯಾವ ಕೋರ್ಟು ಅದನ್ನು ಬಿಡಿಸುತ್ತದೆ?

ವಿಆರ್‌ನಲ್ಲಿ ಕಿರುಕುಳದ ದೂರುಗಳು ಬಂದ ಮೇಲೆ ಮೆಟಾ 2022ರ ಫೆಬ್ರವರಿಯಲ್ಲಿ ಹೊರೈಜನ್ ವರ್ಲ್ಡ್ಸ್ ಎಂಬ ತನ್ನ ವಿಆರ್ ಲೋಕದ ಅವತಾರಗಳ ನಡುವೆ ಸುಮಾರು 4 ಅಡಿಯ ಅಂತರ ಹಾಕಿತು. ಎರಡು ದೇಹಗಳ ನಡುವೆ ಬೇಲಿ ಹಾಕುವುದು ಸುಲಭ. ಇಬ್ಬರು ಒಂದೇ ದೇಹದಲ್ಲಿದ್ದರೆ ಬೇಲಿಯನ್ನು ಎಲ್ಲಿ ನೆಡುತ್ತೀರಿ? ನನಗೆ ತೋಚುವ ಜಾಗ ಒಂದೇ, ಆ ಪಾಲಿನ ಅಂಕಿ. ಅದು ಯಾರ ಕೈಯಲ್ಲಿದೆ? ಈಗ ನಿಮ್ಮ ಆ್ಯಪ್‌ನಲ್ಲಿ ಅದನ್ನು ಬದಲಿಸುವವರು ಯಾರು?

ಕೋಟದ_ಮಾಣಿ

ಗುರು. ಪಾಠದ ನಡುವೆ ಅವರಿಗೆ ಮಾತ್ರ ಕಾಣುವ ಒಂದು ಸ್ಲೈಡರ್ ಇದೆ.

ನ್ಯಾಯದ_ಕಟ್ಟೆ

ಹಾಗಾದರೆ ದಯವಿಟ್ಟು ಅದನ್ನು ಶಿಷ್ಯನ ಕಡೆಗೆ ತಿರುಗಿಸಿ. ಗುರುಗಳ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಒಮ್ಮೆ ಹೀಗೆ ಕಟ್ಟಿಟ್ಟರೆ ನಾಳೆ ಇದನ್ನು ಬಳಸುವವರು ನಿಮ್ಮ ಗುರುಗಳಷ್ಟೇ ಆಗಿರುವುದಿಲ್ಲ. ದೇಹದ ಬಾಗಿಲಿನ ಚಿಲಕ ಒಳಗಿರುವ ಮನುಷ್ಯನ ಕೈಗೇ ಎಟುಕಬೇಕು.

ಹುಬ್ಬಳ್ಳಿ_ಫಿಸಿಯೊ

ಅಕ್ಕಾರು ಹೇಳಿದ್ದು ದವಾಖಾನಿಯೊಳಗೂ ಖರೇನ. ನಾ ಕೈ ಹಿಡಿಯೋಕ್ಕಿಂತ ಮೊದಲ ಕೇಳತೀನಿ, "ಬಿಡ್ರಿ" ಅಂದ ಕೂಡ್ಲೇ ಬಿಡತೀನಿ. ಅದಿಲ್ಲ ಅಂದ್ರ ಪೇಶಂಟ್ ಮೈ ಬಿಗಿ ಮಾಡಕೋತಾರ, ಆಮ್ಯಾಲ ಏನೂ ಕಲಿಯೋದಿಲ್ಲ.

ವೀಣೆಯ_ಮನೆ

ನನಗೆ ಇಲ್ಲಿ ಸ್ವಲ್ಪ ಭಿನ್ನಾಭಿಪ್ರಾಯ ಇದೆ. ಶಿಷ್ಯನೇ ಗುರುವಿನ ಪಾಲು ಇಳಿಸುವಂತಾದರೆ ಕಷ್ಟದ ಜಾಗ ಬಂದಾಗಲೆಲ್ಲ ಗುರುವನ್ನು ಹೊರಗೆ ಹಾಕುತ್ತಾನೆ. ಪಾಠದಲ್ಲಿ ಒಂದಷ್ಟು ಹೊತ್ತು ಒಪ್ಪಿಸಿಕೊಳ್ಳುವುದು ಇರಬೇಕು. ನನ್ನ ಗುರುಗಳು ನನ್ನ ಬೆರಳನ್ನು ವೀಣೆಯ ಮೆಟ್ಟಿಲಿನ ಮೇಲೆ ಒತ್ತಿ ಹಿಡಿದಾಗ ನೋವಾಗುತ್ತಿತ್ತು. ಆ ಒತ್ತುವಿಕೆಯಿಂದಲೇ ನನಗೆ ತೋಡಿ ರಾಗದ ಗಾಂಧಾರ ಸಿಕ್ಕಿದ್ದು.

ಆದರೆ "ಯಾರು ಬಾರಿಸಿದರು" ಅನ್ನುವುದು ಶಿಷ್ಯನಿಗೆ ಕೊನೆಗೆ ಗೊತ್ತಾಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಬಾರಿಸುವಾಗ ಗೊತ್ತಾಗುವುದು ಬೇಡ, ಭಾವ ಕೆಡುತ್ತದೆ. ಮುಗಿದ ಮೇಲೆ ಅದೇ ಪಾಠವನ್ನು ತೋರಿಸಿ: ಇದು ನಿನ್ನ ಕೈ, ಇದು ಗುರುವಿನ ಕೈ, ನೀನು ನೋಡಿದ್ದು ಇದು.

ಜಪಾನ್_ಕನ್ನಡಿಗ

ಎರಡು ಮಾತೂ ಒಟ್ಟಿಗೆ ನಿಲ್ಲುತ್ತವೆ ಅಂತ ನನಗನ್ನಿಸುತ್ತದೆ. ಪಾಲಿನ ಮೇಲ್ಮಿತಿಯನ್ನು ಪಾಠಕ್ಕೆ ಮೊದಲೇ ಶಿಷ್ಯ ಒಪ್ಪಿ ಇಡಲಿ. ಅದರೊಳಗೆ ಗುರು ಏರಿಸಿ ಇಳಿಸಲಿ. ಪೂರ್ತಿ ಬಿಡಿಸಿಕೊಳ್ಳುವ ಗುಂಡಿ ಮಾತ್ರ ಯಾವಾಗಲೂ ಶಿಷ್ಯನ ಕೈಯಲ್ಲಿರಲಿ, ಅದಕ್ಕೆ ಕಾರಣ ಹೇಳಬೇಕಾಗಿಲ್ಲ.

ಸಂಶೋಧನೆಯಲ್ಲಿ ಈ ಭಾವವನ್ನು ಹೆಚ್ಚಿಸುವುದು ಹೇಗೆ ಅನ್ನುವುದರ ಮೇಲೆ ಬಹಳ ಕೆಲಸ ಆಗಿದೆ. ಮುಗಿದ ಮೇಲೆ ಅದನ್ನು ಬಿಡಿಸಿ ತೋರಿಸುವುದರ ಮೇಲೂ ಅಷ್ಟೇ ಕೆಲಸ ಆಗಬೇಕು. ವೀಣೆಯ ಅಕ್ಕ ಹೇಳಿದ ಮರುನೋಟವನ್ನು ನಾನೂ ನನ್ನ ಕೆಲಸದಲ್ಲಿ ಸೇರಿಸಿಕೊಳ್ಳುತ್ತೇನೆ.

ಎಡಿಸನ್_ಅಕ್ಕ

ನನ್ನ ಮಗಳಿಗೆ ಇದೆಲ್ಲ ಓದಿ ಹೇಳಿದೆ. ಅವಳಿಗೆ 14. "ಗುಂಡಿ ನನ್ನ ಹತ್ತಿರ ಇದ್ದರೆ ಕೂತ್ಕೋತೀನಿ" ಅಂದಳು. ರೆಕಾರ್ಡ್ ಮಾಡಿದ ಕೈ ಆದರೂ ಸರಿ, ವಿಲಂಬದ ಪಾಠಕ್ಕೆ ನೇರವಾಗಿ ಆಗುತ್ತದೋ ನೋಡಿ. ನಾವು ಹೆಡ್‌ಸೆಟ್ ತಯಾರಿಟ್ಟುಕೊಂಡಿದ್ದೇವೆ.

ಕೋಟದ_ಮಾಣಿ

ಗುರುಗಳ ಎದುರು ಕೂತು ಇಡೀ ಚರ್ಚೆಯನ್ನು ಓದಿದೆ. ಸ್ಲೈಡರ್ ವಿಷಯಕ್ಕೆ ಅವರು ಸ್ವಲ್ಪವೂ ಬೇಸರ ಮಾಡಿಕೊಳ್ಳಲಿಲ್ಲ. "ಮಕ್ಕಳು ಬೇಡ ಅಂದ್ರೆ ಬೇಡ" ಅಂದರು. ವೀಣೆಯ ಅಕ್ಕನ ಮಾತು ಅವರಿಗೆ ಬಹಳ ಹಿಡಿಸಿತು, ಶಿಷ್ಯನ ಕೈ ತನ್ನನ್ನು ಎಳೆಯುವುದು ತನಗೆ ತಿಳಿಯಬೇಕು ಅನ್ನುವುದು. ಅದಕ್ಕಾಗಿ ಒಂದು ಪೂರ್ತಿ ಪಾಠವನ್ನು ಗುರುವಿನ ಪಾಲು ಶೇ 20ರಲ್ಲಿಟ್ಟು ನಡೆಸಬೇಕೆಂದು ಕೇಳಿದ್ದಾರೆ. ಶಿಷ್ಯನ ಕೈಯೊಳಗೆ ಕೂತು ಸುಮ್ಮನೆ ನೋಡುವುದಕ್ಕೆ.

ಮೊದಲ ಪ್ರಯೋಗ ದುಬೈಯ ಶಿಷ್ಯರೊಬ್ಬರ ಜೊತೆ. ಏಕತಾಳ, ವಿಲಂಬ ಮಾತ್ರ. ಉರುಳಿಕೆ ಸದ್ಯಕ್ಕೆ ಇಲ್ಲ. ಪೆಟ್ಟು ಬೀಳುವ ಕ್ಷಣದಲ್ಲಿ ಕೋಲಿನ ತುದಿ ಶಿಷ್ಯನದು, ಬೆರೆಯುವುದು ಮಣಿಗಂಟು ಮತ್ತು ಮೊಣಕೈ. ಒಂದು ಪಾಠ ಬೆರೆಸಿ, ಇನ್ನೊಂದು ಪಾಠ ಗೊಂಬೆಯ_ನೆರಳು ಹೇಳಿದ ಹಾಗೆ ಬಲಗೈ ಎಡಗೈ ಪಾಲುಮಾಡಿ. ಬಿಡಿಸಿಕೊಳ್ಳಲು ಗುಂಡಿ ಅಂದರೆ ಎರಡೂ ಕೈಯಲ್ಲಿ ಕೋಲಿರುವಾಗ ಒತ್ತುವುದು ಕಷ್ಟ, ಅದಕ್ಕೆ "ಬಿಡಿ" ಅಂತ ಬಾಯಲ್ಲಿ ಹೇಳಿದರೆ ಸಾಕು ಅನ್ನುವ ಹಾಗೆ ಮಾಡುತ್ತಿದ್ದೇನೆ. ಎಡಿಸನ್ ಅಕ್ಕ, ನಿಮ್ಮ ಮಗಳ ಪಾಠ ಇದಾದ ಮೇಲೆ.

@ಹುಬ್ಬಳ್ಳಿ_ಫಿಸಿಯೊ, ಸರ್, ಕಲಿಕೆ ಉಳಿಯಿತೋ ಇಲ್ಲವೋ ಅಂತ ಅಳೆಯುವುದು ಹೇಗೆ ಹೇಳಿ.

ಹುಬ್ಬಳ್ಳಿ_ಫಿಸಿಯೊ

ಪಾಠಾ ಮುಗಿದ ಕೂಡ್ಲೇ ಅಳೀಬ್ಯಾಡ್ರಿ, ಆಗ ಎಲ್ಲಾರೂ ಚಲೋನ ಬಾರಸ್ತಾರ. ಒಂದು ರಾತ್ರಿ ನಿದ್ದಿ ಆಗ್ಲಿ. ಮರುದಿನ ಹೆಡ್‌ಸೆಟ್ ಇಲ್ಲದ, ಖರೇ ಚೆಂಡಿ ಮ್ಯಾಲ, ಒಬ್ಬರs ಬಾರಸ್ಲಿ. ಒಂದು ವಾರ ಬಿಟ್ಟು ಮತ್ತೊಮ್ಮೆ. ಬರೇ ವಾಟ್ಸ್ಯಾಪ್‌ನಾಗ ಕಲಿತವರದೂ ಹಂಗs ತಗೋರಿ. ಆಮ್ಯಾಲ ಎಲ್ಲಾ ರೆಕಾರ್ಡಿಂಗ್ ಹೆಸರು ತಗದು ಕಲಸಿ ಗುರುಗಳಿಗೆ ಕೇಳಸ್ರಿ, ಯಾರು ಹೆಂಗ ಕಲಿತಾರ ಅಂತ ಅವರಿಗೆ ಹೇಳಬ್ಯಾಡ್ರಿ. ಮಣಿಗಂಟಿನ ಕಿವಿ ಅವರಿಗೈತಿ.